ಫ್ಯಾನ್ ಫಿಕ್ಷನ್ ಬರೆಯುವವರಿಗೆ: ಬರೆಯುವ ಕಾರಣವನ್ನು ಮೊದಲು ಗುರುತಿಸಿಕೊಳ್ಳಿ, ಪ್ರಶಸ್ತಿಯ ಮಾತು ಆಮೇಲೆ

ಮೆಚ್ಚಿದ ಕೃತಿಯ ಪಾತ್ರಗಳನ್ನು ಎತ್ತಿಕೊಂಡು ಹೊಸ ಕಥೆ ಬರೆಯಲು ಕೂರುವ ಮೊದಲು, ಮೂಲದಲ್ಲಿ ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನು ಪೂರ್ತಿ ವಾಕ್ಯವಾಗಿ ಬರೆದಿಟ್ಟುಕೊಳ್ಳಿ. ‘ಈ ಪಾತ್ರ ನನಗಿಷ್ಟ’ ಎಂಬುದು ಪ್ರಶ್ನೆಯಾಗುವುದಿಲ್ಲ. ಧಾರಾವಾಹಿಯೊಂದರಲ್ಲಿ ಹಿರಿಸೊಸೆ ತನಗೆ ಬಂದ ಕಾಗದವನ್ನು ಒಡೆದೂ ನೋಡದೆ ದೇವರ ಮನೆಯ ದೀಪಕ್ಕೆ ಹಿಡಿದು ಸುಡುತ್ತಾಳೆ, ಮರುದಿನದ ಕಂತಿನಲ್ಲಿ ಆ ಕಾಗದದ ಸುದ್ದಿಯೇ ಇಲ್ಲ ಎಂದಿಟ್ಟುಕೊಳ್ಳೋಣ. ವಿಳಾಸದ ಕೈಬರಹ ಕಂಡೊಡನೆ ಅವಳಿಗೆ ಗೊತ್ತಾದದ್ದೇನು, ಸುಡುವುದಕ್ಕೆ ದೇವರ ಮನೆಯೇ ಏಕೆ ಬೇಕಾಯಿತು ಎಂದು ಕೇಳಿಕೊಂಡಾಗ ಕಥೆ ಹುಟ್ಟುತ್ತದೆ. ಈ ಬಗೆಯ ಬರಹಗಾರರಲ್ಲಿ ಹೆಚ್ಚಿನವರು ಬರೆಯುವುದು ಮೂಲ ಲೇಖಕರು ಮುಚ್ಚಿ ಮುಂದೆ ಹೋದ ಇಂಥ ಬಾಗಿಲನ್ನು ತೆರೆದು ನೋಡುವ ಆಸೆಯಿಂದ ಎಂದೇ ನನ್ನ ನಂಬಿಕೆ.

ಕನ್ನಡಿಗರಿಗೆ ಈ ಆಸೆ ಹೊಸದಲ್ಲ. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪ ಮಹಾಕವಿಯ ಹೆಸರಿದೆ. ಆ ಪಂಪನು 941ರ ಸುಮಾರಿಗೆ ವ್ಯಾಸಭಾರತವನ್ನು ತನ್ನದಾಗಿ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ, ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ಅದಕ್ಕೆ ಮನ್ನಣೆಯಾಗಿ ಅಗ್ರಹಾರವನ್ನೂ ಪಡೆದ. ಆದರೂ ಅವನ ಕಾವ್ಯದಲ್ಲಿ ಓದುಗರು ಇಂದಿಗೂ ಹುಡುಕಿಕೊಂಡು ಹೋಗುವುದು ಎದುರು ಪಕ್ಷದ ಕರ್ಣನನ್ನು. ಕುವೆಂಪು ಮಂಥರೆಯ ಒಳಗೆ ಮಮತೆಯನ್ನು ಕಂಡದ್ದೂ ಇದೇ ದಾರಿಯಲ್ಲಿ. ಆ ರಾಮಾಯಣಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಆಮೇಲೆ ಜ್ಞಾನಪೀಠವೂ ಬಂದವು. ಮಹಾಕಾವ್ಯವೂ ಧಾರಾವಾಹಿಯ ಅಭಿಮಾನಿ ಕಥೆಯೂ ಒಂದೇ ತೂಕದವೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ಪಾತ್ರವನ್ನು ಮತ್ತೆ ಬರೆಯುವುದು ಕೀಳು ಕೆಲಸವೆಂಬ ಮಾತಿಗೆ ಮಾತ್ರ ನೀವು ಕುಗ್ಗಬೇಕಿಲ್ಲ.

ಎರಡನೆಯ ಕಾರಣ ಒಡನಾಟ. ಮೂಲವನ್ನು ನಿಮ್ಮಷ್ಟೇ ಪ್ರೀತಿಸುವ ನಾಲ್ಕೈದು ಓದುಗರನ್ನು ಮೊದಲು ಹುಡುಕಿಕೊಳ್ಳಿ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರದಡಿ ಕೂತು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಓದಿದ ಮೇಲೆ ‘ಹೇಗಿದೆ’ ಎಂದು ಕೇಳಬೇಡಿ, ಏಕೆಂದರೆ ಸ್ನೇಹಿತರು ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಯಾವ ಸಾಲಿನಲ್ಲಿ ಪಾತ್ರ ತನ್ನಂತೆ ಮಾತಾಡಲಿಲ್ಲ ಎಂದು ಕೇಳಿ. ‘ಬಾಗಿಲಾಚೆ ನಿಂತ ಅತ್ತೆ ಬಳೆ ಸದ್ದಾಗದಂತೆ ಕೈ ಒತ್ತಿ ಹಿಡಿದುಕೊಂಡಳಲ್ಲ, ಅದು ಅವಳೇ, ಆದರೆ ಅವಳು ಸೊಸೆಯನ್ನು ಹೆಸರು ಹಿಡಿದು ಕರೆಯುವವಳಲ್ಲ’ ಎಂದು ಯಾರಾದರೂ ಹೇಳಿದರೆ, ಆ ಒಂದು ಮಾತಿನಿಂದ ತಿದ್ದಲು ಸಿಗುವಷ್ಟು ಯಾವ ತೀರ್ಪುಗಾರರ ಅಂಕಪಟ್ಟಿಯಿಂದಲೂ ಸಿಗುವುದಿಲ್ಲ.

ಹಾಗಾದರೆ ಪ್ರಶಸ್ತಿ ಬೇಡವೇ? ಬೇಕು, ಆದರೆ ಅದು ಯಾವುದನ್ನು ಅಳೆಯುತ್ತದೆ ಎಂಬುದನ್ನು ತಿಳಿದು ಬಯಸಬೇಕು. ಸ್ವಯಂಸೇವಕರು ನಡೆಸುವ, ಅಭಿಮಾನಿ ಕಥೆಗಳ ದೊಡ್ಡ ಅಂತರ್ಜಾಲ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ಡಬ್ಲಿನ್ನಿನಲ್ಲಿ, ವೈಜ್ಞಾನಿಕ ಮತ್ತು ಅದ್ಭುತ ಕಥಾಸಾಹಿತ್ಯಕ್ಕೆ ಸಲ್ಲುವ ಹ್ಯೂಗೋ ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಿದ ಕಾದಂಬರಿಗಾರ್ತಿ ನವೋಮಿ ನೋವಿಕ್, ಸಭೆಯಲ್ಲಿದ್ದ ಆ ಬಳಗದವರೆಲ್ಲರನ್ನೂ ಎದ್ದು ನಿಲ್ಲುವಂತೆ ಕೇಳಿಕೊಂಡರು. ಗೌರವ ಸಂದದ್ದು ಇಡೀ ಭಂಡಾರಕ್ಕೇ ಹೊರತು ಅದರೊಳಗಿನ ಯಾವ ಒಂದು ಕಥೆಗೂ ಅಲ್ಲ. ಒಟ್ಟಾಗಿ ಕಟ್ಟಿದ್ದಕ್ಕೆ ಒಟ್ಟಾಗಿ ದೊರೆತ ಆ ಮನ್ನಣೆಯೇ ಈ ಬರವಣಿಗೆಗೆ ಹೆಚ್ಚು ಒಪ್ಪುತ್ತದೆ ಎಂದು ನನಗನಿಸುತ್ತದೆ. ಮತದಿಂದ ಕೊಡುವ ಪ್ರಶಸ್ತಿಗಳಲ್ಲಿ ಹೆಚ್ಚು ಜನ ಬಲ್ಲ ಮೂಲಕೃತಿಯ ಕಥೆಗೆ ಮತ ಹೆಚ್ಚು ಬೀಳುವುದು ಸಹಜ. ಮರೆತುಹೋದ ಕಾದಂಬರಿಯೊಂದರ ಸಣ್ಣ ಪಾತ್ರವನ್ನು ಎಷ್ಟೇ ಚೆನ್ನಾಗಿ ಬರೆದರೂ ಅಲ್ಲಿ ಗೆಲ್ಲುವುದು ಕಷ್ಟ. ಗೆದ್ದ ಕಥೆಗೆ ಹೊಸ ಓದುಗರು ಬರುತ್ತಾರೆ ಎಂಬ ಲಾಭ ನಿಜವಾದದ್ದು. ಆದ್ದರಿಂದ ಕಥೆ ಮುಗಿದ ಮೇಲೆ ಕಳುಹಿಸಿ. ಸ್ಪರ್ಧೆಯ ಗಡುವಿಗೆ ಹೊಂದಿಸಲು ಕೊನೆಯ ಅಧ್ಯಾಯವನ್ನು ಅವಸರದಲ್ಲಿ ಮುಗಿಸಬೇಡಿ.

ವಿಶೇಷಾಂಕದ ಕಥಾಸ್ಪರ್ಧೆಗೆ ಕಳುಹಿಸುವುದಾದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿ ಸ್ವಂತ ಕಥೆಯನ್ನೇ ಕೇಳುತ್ತಾರೆ, ಮತ್ತು 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯಕೃತಿಯೊಂದರ ಹಕ್ಕು ಲೇಖಕರ ನಿಧನದ ನಂತರವೂ 60 ವರ್ಷ ಉಳಿಯುತ್ತದೆ. ಪಾತ್ರಗಳ ಹೆಸರು, ಊರು, ನೆಂಟಸ್ತಿಕೆ ಎಲ್ಲವನ್ನೂ ಬದಲಿಸಿ, ಮೂಲವನ್ನು ನೋಡದ ಒಬ್ಬರಿಗೆ ಓದಲು ಕೊಡಿ. ಹಿರಿಸೊಸೆ ಕಾಗದ ಸುಟ್ಟದ್ದೇಕೆಂದು ಅವರಿಗೂ ತಿಳಿದರೆ, ಮೂಲದ ಕಥಾಹಂದರ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಸ್ಪರ್ಧೆಗೆ ಕಳುಹಿಸಬಹುದು. ತಿಳಿಯದಿದ್ದರೆ ಕಥೆ ಇನ್ನೂ ಮೂಲದ ಆಸರೆಯಲ್ಲೇ ನಿಂತಿದೆ ಎಂದರ್ಥ. ಅದನ್ನು ಹಣಕ್ಕೆ ಮಾರದೆ, ಮೂಲ ಲೇಖಕರ ಹೆಸರನ್ನು ಮೊದಲಲ್ಲೇ ಹೇಳಿ, ನಿಮ್ಮ ಬಳಗದ ಓದುಗರಿಗೇ ಕೊಡಿ.