ಐವತ್ತು ದಾಟಿದವರನ್ನೇ ಮೊದಲು ಕೆಲಸದಿಂದ ಬಿಡಿಸಿದರೆ ಏನು ಮಾಡಬೇಕು?

ಈ ಸಲದ ಕಾಫಿ ಹೂಮಳೆ ಬಿದ್ದ ವಾರ. ದಕ್ಷಿಣ ಕೊಡಗಿನ ಒಂದು ಕಂಪನಿ ತೋಟದಲ್ಲಿ 22 ವರ್ಷ ಹಾಜರಿ, ಲೆಕ್ಕ ಬರೆಯುವ ರೈಟರಾಗಿ ದುಡಿದ ನಮ್ಮ ದೊಡ್ಡಪ್ಪನ ಮಗ ಅಣ್ಣನನ್ನು ಆಫೀಸಿಗೆ ಕರೆದು ಒಂದು ಹಾಳೆ ಮುಂದಿಟ್ಟರಂತೆ. 'ಹಾಜರಿಯ ಚೆಕ್‌ರೋಲ್ ಎಲ್ಲ ಈಗ ಮೊಬೈಲಿಗೆ ಬಂದಾಯಿತು. ನಿಮಗೂ ವಯಸ್ಸಾಯಿತು. ಸೈನ್ ಹಾಕಿ, ಮೂರು ತಿಂಗಳ ಸಂಬಳ ಕೊಡುತ್ತೇವೆ.' ಅಣ್ಣನಿಗೆ 53. ಎರಡು ವರ್ಷದ ಹಿಂದೆ ಅದೇ ಕೆಲಸಕ್ಕೆ ಸೇರಿದ ಹುಡುಗನನ್ನು ಯಾರೂ ಕರೆಯಲಿಲ್ಲ. ಆ ಹಾಳೆಯಲ್ಲಿದ್ದದ್ದು ಎರಡೇ ಸಾಲು, ಮೊದಲ ಪದವೇ 'ಸ್ವಇಚ್ಛೆಯಿಂದ'. ಅಣ್ಣ 'ಮನೆಯಲ್ಲಿ ಕೇಳಿ ಹೇಳುತ್ತೇನೆ ಸರ್' ಎಂದು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದರು.

ನೀವು ಮಾಡಬೇಕಾದ ಮೊದಲ ಕೆಲಸವೂ ಅಷ್ಟೇ: ಅಂದೇ ಸೈನ್ ಹಾಕಬೇಡಿ. ರಾಜೀನಾಮೆ ಕೊಟ್ಟರೆ ನೀವಾಗಿಯೇ ಬಿಟ್ಟಂತೆ. ಅವರು ತೆಗೆದರೆ ಅದು ಕಾನೂನಿನ ಲೆಕ್ಕದಲ್ಲಿ 'ರಿಟ್ರೆಂಚ್‌ಮೆಂಟ್'. ಎರಡರ ನಡುವಿನ ಅಂತರ ಲಕ್ಷಗಳಲ್ಲಿದೆ. 'ಆರೋಗ್ಯ ಸರಿಯಿಲ್ಲದ ಕಾರಣ' ಎಂಬ ಒಕ್ಕಣೆಗೂ ಒಪ್ಪಬೇಡಿ. 2025ರ ನವೆಂಬರ್‌ವರೆಗಿದ್ದ ಹಳೆಯ ಕಾಯಿದೆಯಲ್ಲಿ, ದೀರ್ಘ ಅನಾರೋಗ್ಯದ ಕಾರಣ ಕೆಲಸ ಹೋದರೆ ಅದು ರಿಟ್ರೆಂಚ್‌ಮೆಂಟ್ ಎನಿಸಿಕೊಳ್ಳುತ್ತಿರಲಿಲ್ಲ.

ಮನೆಗೆ ಬಂದ ದಿನವೇ ಒಂದು ಇಮೇಲ್ ಕಳಿಸಿ. ಇಮೇಲ್ ಗೊತ್ತಿಲ್ಲದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಉದ್ದ ಬೇಡ: 'ಇಂತಹ ದಿನ ಇಂತಹವರು ನನ್ನನ್ನು ಕರೆದು, ವಯಸ್ಸಾಯಿತೆಂದು ಹೇಳಿ ರಾಜೀನಾಮೆ ಕೇಳಿದರು. ನಾನು ಕೆಲಸ ಬಿಡಲು ಬಯಸುವುದಿಲ್ಲ. ನನ್ನನ್ನು ತೆಗೆಯುವುದಾದರೆ ಕಾರಣವನ್ನು ಬರಹದಲ್ಲಿ ಕೊಡಿ.' ಬಾಯಿಮಾತಿನಲ್ಲಿ ಆಡಿದ್ದು ಕಾಗದಕ್ಕೆ ಇಳಿಯುವುದು ಹೀಗೆ. ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಿ. ಗೇಟಿನಲ್ಲಿ ತಡೆದರೆ ಅದನ್ನೂ ಬರೆದು ಕಳಿಸಿ.

ಇನ್ನು ಕಾನೂನು. ಖಾಸಗಿ ಕಂಪನಿಗಳು ವಯಸ್ಸು ನೋಡಿ ತೆಗೆಯಬಾರದು ಎನ್ನುವ ಪ್ರತ್ಯೇಕ ಕಾಯಿದೆ ನಮ್ಮಲ್ಲಿಲ್ಲ. ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕಾನೂನು ಸೇವೆಯ ವರ್ಷಗಳನ್ನು ಎಣಿಸುತ್ತದೆ. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಯಿಂದ ಬಂದ ನಿಯಮ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದು ಉಳಿದಿದೆ. ಹಳಬರನ್ನು ತೆಗೆದು ಹೊಸಬರನ್ನು ಉಳಿಸಿಕೊಂಡರೆ ಮಾಲೀಕರು ಕಾರಣ ಬರೆದಿಡಬೇಕು. ಹಾಗಾಗಿ 'ನನಗೆ ವಯಸ್ಸಾಗಿದೆ ಎಂದು ತೆಗೆದರು' ಎಂದು ದೂರುವುದಕ್ಕಿಂತ 'ಸೇವೆಯಲ್ಲಿ ನನಗಿಂತ ಕಿರಿಯರನ್ನು ಉಳಿಸಿಕೊಂಡು ನನ್ನನ್ನು ತೆಗೆದರು, ಸೀನಿಯಾರಿಟಿ ಪಟ್ಟಿ ತೋರಿಸಿ' ಎಂದು ಕೇಳಿ. ಈ ಪ್ರಶ್ನೆಗೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಅಣ್ಣನ ಲೆಕ್ಕ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ. ಗ್ರಾಚ್ಯುಟಿಗೆ ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, 22 ವರ್ಷಕ್ಕೆ ಗುಣಿಸಿದರೆ 3,30,000. ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ, ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು. ರಿಟ್ರೆಂಚ್‌ಮೆಂಟ್ ಪರಿಹಾರ ಬೇರೆ: ವರ್ಷಕ್ಕೆ 15 ದಿನದ ಸಂಬಳದಂತೆ 2,86,000. ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ ಇನ್ನೊಂದು. ಹೊಸ ಸಂಹಿತೆಯಂತೆ, ಕೆಲಸ ಹೋದವರು ಬೇರೆ ಕೆಲಸ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ 15 ದಿನದ ಸಂಬಳ ಮತ್ತೊಂದು. ಕಂಪನಿ ಹೇಳಿದ ಮೂರು ತಿಂಗಳ ಸಂಬಳ ಎಂದರೆ 78,000. ರಾತ್ರಿ ಊಟದ ನಂತರ ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಈ ಲೆಕ್ಕ ಬರೆದಾಗ ಅತ್ತಿಗೆ ಮಾತೇ ಆಡಲಿಲ್ಲ, ಎರಡು ಸಲ ಕೂಡಿ ನೋಡಿದರು.

ಈ ರಕ್ಷಣೆ ಇರುವುದು 'ವರ್ಕರ್' ಎನಿಸಿಕೊಂಡವರಿಗೆ. ರೈಟರು, ಕಣದ ಕೆಲಸಗಾರರು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಮೆಷಿನ್ ಆಪರೇಟರು ಎಲ್ಲ ಬರುತ್ತಾರೆ. ಮ್ಯಾನೇಜರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಸೂಪರ್‌ವೈಸರು ಬರುವುದಿಲ್ಲ. ಆದರೆ ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸ ಮುಖ್ಯ. ಬೆಂಗಳೂರಿನ ಕಂಪನಿಗಳಲ್ಲಿರುವ ನಮ್ಮ ಮಕ್ಕಳಿಗೂ ಇದೇ ಮಾತು. ಕಾರ್ಡಿನಲ್ಲಿ 'ಮ್ಯಾನೇಜರ್' ಎಂದಿದ್ದು ಕೈಕೆಳಗೆ ಒಬ್ಬರೂ ಇಲ್ಲದಿದ್ದರೆ ವಕೀಲರನ್ನು ಕೇಳದೆ ಹಕ್ಕು ಬಿಡಬೇಡಿ. 300 ಅಥವಾ ಹೆಚ್ಚು ಕಾರ್ಮಿಕರಿರುವ ತೋಟ, ಕಾರ್ಖಾನೆಗಳಲ್ಲಾದರೆ ತೆಗೆಯುವ ಮೊದಲು ಸರ್ಕಾರದ ಅನುಮತಿಯೂ ಬೇಕು.

ಕಾಗದಗಳ ವಿಷಯ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಕಷ್ಟ. ಕಕ್ಕಡ ತಿಂಗಳ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಆರ್ಡರ್ ಕೂಡ ಬೂಸ್ಟು ಹಿಡಿಯುತ್ತದೆ. ಅಣ್ಣನ ನೇಮಕಾತಿ ಪತ್ರದಲ್ಲಿ ಸೇರಿದ ದಿನಾಂಕದ ಮೇಲೇ ಕಪ್ಪು ಕಲೆ ಕೂತು ಅಕ್ಷರ ಕಾಣುತ್ತಿರಲಿಲ್ಲ. ಕೊನೆಗೆ ಹಳೆಯ ಪಿ.ಎಫ್. ಚೀಟಿ ಕೈಹಿಡಿಯಿತು. ನೇಮಕಾತಿ ಪತ್ರ, ಸಂಬಳದ ಚೀಟಿ, ಬೋನಸ್ ಕಾಗದ, ಮೆಚ್ಚುಗೆಯ ಪತ್ರ ಎಲ್ಲದರ ಫೋಟೊ ಇವತ್ತೇ ತೆಗೆದಿಡಿ. ಪಿ.ಎಫ್. ಖಾತೆಯಲ್ಲಿರುವ ಹುಟ್ಟಿದ ದಿನಾಂಕವೂ ಆಧಾರ್‌ನಲ್ಲಿರುವುದೂ ಒಂದೇ ಇದೆಯೇ ನೋಡಿ. ಅಂದಾಜಿನಲ್ಲಿ ಬರೆಸಿದ 'ಜನವರಿ 1' ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟೋ ಜನರಿಗಿದೆ. ನಿವೃತ್ತಿಯ ವಯಸ್ಸು ಲೆಕ್ಕ ಹಾಕುವುದು ಅದರ ಮೇಲೆಯೇ.

ಕೈಯಲ್ಲಿ ಹಣವಿಲ್ಲವೆಂದು ಪಿ.ಎಫ್. ಪಿಂಚಣಿಯನ್ನು ಅವಸರದಲ್ಲಿ ಶುರು ಮಾಡಿಸಬೇಡಿ. 10 ವರ್ಷ ಸೇವೆಯಿದ್ದರೆ 58ಕ್ಕೆ ಪೂರ್ತಿ ಬರುತ್ತದೆ. 50ರ ಮೇಲೆ ಬೇಗ ತೆಗೆದುಕೊಂಡರೆ ಉಳಿದ ಒಂದೊಂದು ವರ್ಷಕ್ಕೂ ಶೇ 4ರಂತೆ ಕಡಿತ, ಅದೂ ಶಾಶ್ವತವಾಗಿ.

ಕಂಪನಿ ಉತ್ತರಿಸದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಜಿಲ್ಲೆಯೊಳಗಿನ ಕೆಲಸವಾದರೆ ಮಡಿಕೇರಿಯಲ್ಲಿ, ಬೆಂಗಳೂರಿನದಾದರೆ ಅಲ್ಲಿಯೇ. ಅಧಿಕಾರಿ ಇಬ್ಬರನ್ನೂ ಕರೆಸಿ ಸಂಧಾನಕ್ಕೆ ನೋಡುತ್ತಾರೆ, ಆಗದಿದ್ದರೆ ವಿಷಯವನ್ನು ನೀವು ನ್ಯಾಯಮಂಡಳಿಗೆ ಒಯ್ಯಬಹುದು. ಕೆಲಸ ಹೋದ ದಿನದಿಂದ 2 ವರ್ಷ ದಾಟಿಸಬೇಡಿ. ವಕೀಲರ ಫೀಸಿಗೆ ಹೆದರಬೇಕಿಲ್ಲ: ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಕು ಹಾಕಿಸಿ ಸೀಲು ಒತ್ತಿಸಿಕೊಂಡೇ ಕಚೇರಿಯ ಮೆಟ್ಟಿಲಿಳಿಯಿರಿ.