ಬೀಟೆಯ ಮುಚ್ಚಳದಲ್ಲಿ ಮಲ್ಲಿಗೆ ಕೂರಿಸುವ ಬಗೆ

ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋದಾಗ ದಂತ ಕೂರಿಸಿದ ಬೀಟೆ (ರೋಸ್‌ವುಡ್) ಮರದ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮರದಲ್ಲಿ ಕುಳಿ ತೋಡಿ ಬೇರೆ ಬಣ್ಣದ ತುಂಡು ಕೂರಿಸುವ ಈ ಇನ್‌ಲೇ ಕೆಲಸದ ಹಿರಿಮೆ ಅಲ್ಲಿ ಕಾಣುತ್ತದೆ. ದಂತದ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ನಮ್ಮ ಕುಶಲಕರ್ಮಿಗಳು ಬಣ್ಣವನ್ನು ಮರಗಳಲ್ಲೇ ಹುಡುಕಿಕೊಂಡರು. ಹಳದಿಗೆ ಹಲಸು, ಕೆಂಪಿಗೆ ರಕ್ತಚಂದನ, ಬಿಳಿಗೆ ರಬ್ಬರ್ ಮರ. ಬಣ್ಣ ಹಚ್ಚಬೇಡಿ, ಮರದ ಬಣ್ಣವೇ ಈ ಕಲೆಯ ಜೀವ.

ಮೊದಲ ಕೆಲಸಕ್ಕೆ ಸುಮಾರು 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಡವೆ ಪೆಟ್ಟಿಗೆ ಸಾಕು. ಹೊಸ ಬೀಟೆ ದುಬಾರಿ. ಹಳೆಯ ಮಂಚ, ಕುರ್ಚಿಗಳ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಚೆನ್ನಾಗಿ ಒಣಗಿರುತ್ತದೆ, ಬೇಗ ಸೊಟ್ಟಗಾಗದು. ಮುಚ್ಚಳದ ಹಲಗೆ 12 ಮಿ.ಮೀ. ದಪ್ಪವಿರಲಿ.

ಮಲ್ಲಿಗೆಯ ಚಿತ್ರವನ್ನು ಕಾಗದದ ಮೇಲೆ ಬರೆದು ಒಂದೊಂದು ಎಸಳನ್ನೂ ಎಲೆಯನ್ನೂ ಬೇರೆಯಾಗಿ ಕತ್ತರಿಸಿ, 3 ಮಿ.ಮೀ. ದಪ್ಪದ ಮರದ ತುಂಡುಗಳಿಗೆ ಅಂಟಿಸಿ. ಎಲೆಯ ಉದ್ದಕ್ಕೇ ಮರದ ಎಳೆ ಸಾಗುವಂತೆ ನೋಡಿಕೊಳ್ಳಿ. ಅಡ್ಡ ಎಳೆ ಬಂದರೆ ತುದಿ ಮುರಿಯುತ್ತದೆ, ಎಲೆಗೆ ಎಲೆಯ ಕಳೆಯೂ ಬರುವುದಿಲ್ಲ. ನೂಲಿನಂಥ ಅಲಗಿನ ಸಣ್ಣ ಗರಗಸವನ್ನು ನೆಟ್ಟಗೆ ಹಿಡಿದು, ಅವಸರ ಮಾಡದೆ ಕೊಯ್ಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕುಳಿ ತೋಡುವ ಕೆಲಸ. ಕೊಯ್ದ ತುಂಡುಗಳನ್ನು ಮುಚ್ಚಳದ ಮೇಲೆ ಜೋಡಿಸಿ, ಚೂಪಾದ ಮೊಳೆಯಿಂದ ಸುತ್ತ ಗೀರಿ. ಕಾಗದದ ಚಿತ್ರವನ್ನು ನಂಬಬೇಡಿ. ಕೊಯ್ಯುವಾಗ ಗರಗಸ ಎಲ್ಲೋ ಒಂದಿಷ್ಟು ಸರಿದಿರುತ್ತದೆ. ಉಳಿಯನ್ನು ಗೆರೆಯ ಮೇಲಲ್ಲ, ಕೂದಲೆಳೆಯಷ್ಟು ಒಳಗಿಡಿ. ನಾನು ಮೊದಲ ಮುಚ್ಚಳದಲ್ಲಿ ಗೆರೆಗೆ ಸರಿಯಾಗಿ ತೋಡಿದ್ದೆ. ಮಲ್ಲಿಗೆಯ ಸುತ್ತ ಸಂದು ಉಳಿದು, ಆ ಹಲಗೆಯನ್ನೇ ಬಿಡಬೇಕಾಯಿತು. ಕುಳಿಯ ಆಳ 2 ಮಿ.ಮೀ. ಸಾಕು. ತಳ ಸಮವಾಗಿರಲಿ, ತುಂಡು ಬೆರಳಿನ ಒತ್ತಡಕ್ಕೆ ಬಿಗಿಯಾಗಿ ಇಳಿಯಲಿ. ಇಳಿಯದಿದ್ದರೆ ತುಂಡಿನ ಅಂಚನ್ನು ಅರದಿಂದ ತುಸು ಉಜ್ಜಿ, ಕುಳಿಯನ್ನು ಹಿಗ್ಗಿಸಬೇಡಿ.

ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಕುಳಿಯನ್ನು ಸ್ಪಿರಿಟ್‌ನಿಂದ ಒರೆಸಿ, ಆಮೇಲೆ ಫೆವಿಕಾಲ್ ಹಚ್ಚಿ. ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಸಣ್ಣ ಸಂದುಗಳಿಗೆ ಬೀಟೆಯ ಹುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬಿ.

ಮರುದಿನ 120, 220, 400ನೇ ನಂಬರಿನ ಉಜ್ಜುಕಾಗದಗಳಿಂದ ಇದೇ ಕ್ರಮದಲ್ಲಿ ಉಜ್ಜಿ. ಮೇಲೆದ್ದ ತುಂಡುಗಳೆಲ್ಲ ಹಲಗೆಗೆ ಸಮವಾಗುತ್ತವೆ. ಮೂಗಿಗೆ ಮಾಸ್ಕ್ ತಪ್ಪಿಸಬೇಡಿ, ಬೀಟೆಯ ಹುಡಿ ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಎಲೆಯ ನರಗಳನ್ನು ಈಗ ಸಣ್ಣ ಉಳಿಯಿಂದ ಗೀರಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ, ಹಲವು ಸಲ ಹಚ್ಚಿ.

ಕೊನೆಗೆ ಹಿತ್ತಾಳೆಯ ಕೀಲು. ಬೀಟೆ ಗಟ್ಟಿ, ಹಿತ್ತಾಳೆಯ ತಿರುಪು ಮೆದು. ಮೊದಲೇ ತೂತು ಕೊರೆದು, ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಿ. ಅದರ ಉದ್ದ 8 ಮಿ.ಮೀ. ದಾಟದಿರಲಿ, ದಾಟಿದರೆ ತುದಿ ಮಲ್ಲಿಗೆಯ ಬೆನ್ನಿಗೆ ತಾಗಬಹುದು.