ದುಬೈಗೆ ಹೊಸದಾಗಿ ಬಂದವರಿಗೆ: ನಲ್ಲಿಯ ನೀರಿನ ಬಗ್ಗೆ ತಿಳಿದಿರಬೇಕಾದದ್ದು

ದುಬೈಯಲ್ಲಿ ಕಾವೇರಿಯಿಲ್ಲ, ನೇತ್ರಾವತಿಯೂ ಇಲ್ಲ. ಒಂದು ಕಾಲಕ್ಕೆ ಅಲ್ ಅವೀರ್ ಕಡೆಯ ಬಾವಿಗಳ ನೀರು ಈ ಊರಿಗೆ ಸಾಕಾಗುತ್ತಿತ್ತು. ಇಂದು ನಿಮ್ಮ ನಲ್ಲಿಗೆ ಬರುವುದು ಬಹುಮಟ್ಟಿಗೆ ಜೆಬೆಲ್ ಅಲಿ ಕರಾವಳಿಯ ಸ್ಥಾವರಗಳಲ್ಲಿ ಉಪ್ಪು ತೆಗೆದ ಸಮುದ್ರದ ನೀರು. ಇದನ್ನು ಪೂರೈಸುವುದು ವಿದ್ಯುತ್ ಮತ್ತು ನೀರು ಎರಡನ್ನೂ ನೋಡಿಕೊಳ್ಳುವ, 1992ರಲ್ಲಿ ರೂಪುಗೊಂಡ ದೇವಾ (DEWA, ದುಬೈ ವಿದ್ಯುತ್ ಮತ್ತು ನೀರು ಪ್ರಾಧಿಕಾರ) ಸಂಸ್ಥೆ. ಈ ಎರಡು ಹೊಣೆಗಳು ಒಂದೇ ಕಡೆ ಇರುವುದಕ್ಕೆ ಕಾರಣವಿದೆ: ಹಳೆಯ ವಿಧಾನದಲ್ಲಿ ಅನಿಲ ಉರಿಸಿ ವಿದ್ಯುತ್ ತಯಾರಿಸಿದ ಮೇಲೆ ಉಳಿಯುವ ಹಬೆಯ ಶಾಖದಿಂದಲೇ ಸಮುದ್ರದ ನೀರನ್ನು ಆವಿಯಾಗಿಸಿ, ಆ ಆವಿಯನ್ನು ತಂಪಾಗಿಸಿ ಸಿಹಿನೀರು ಪಡೆಯುತ್ತಾರೆ. ಹೊಸ ಸ್ಥಾವರಗಳು ಭಾರಿ ಒತ್ತಡದಲ್ಲಿ ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸುತ್ತವೆ. ಇದಕ್ಕೆ ಶಕ್ತಿ ಕಡಿಮೆ ಸಾಕು. ನಮ್ಮ ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಸಂಸ್ಕರಣಾ ಕಂಪನಿ ಎಂ.ಆರ್.ಪಿ.ಎಲ್. ಕೂಡ ಇಂಥದೊಂದು ಸ್ಥಾವರವನ್ನು ಕಟ್ಟಿಕೊಂಡಿದೆ.

ಯಾವ ವಿಧಾನವಾದರೂ ಹೆಚ್ಚು ಉಪ್ಪಿನ ನೀರು ಮರಳಿ ಕಡಲಿಗೆ ಸೇರುತ್ತದೆ, ಮತ್ತು ದುಬೈ ದಡದ ಈ ಪರ್ಷಿಯನ್ ಕೊಲ್ಲಿ ಮೊದಲೇ ತೆರೆದ ಸಾಗರಗಳಿಗಿಂತ ಉಪ್ಪಾಗಿದೆ. ಆದ್ದರಿಂದ ಇಲ್ಲಿ ನೀರು ಪೋಲು ಮಾಡುವುದು ಇಂಧನವನ್ನೂ ಕಡಲನ್ನೂ ಪೋಲು ಮಾಡಿದಂತೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೊಸಬರ ಮೊದಲ ಪ್ರಶ್ನೆ, ಕುಡಿಯಬಹುದೇ ಎಂಬುದು. ಸ್ಥಾವರದಿಂದ ಹೊರಡುವ ನೀರಿಗೆ ಅಗತ್ಯ ಖನಿಜಗಳನ್ನು ಸೇರಿಸಿ, ಕುಡಿಯುವ ಗುಣಮಟ್ಟಕ್ಕೆ ತಂದೇ ಕಳುಹಿಸುತ್ತಾರೆ. ಸಂದೇಹವಿರುವುದು ಕಟ್ಟಡದ ತೊಟ್ಟಿ ಮತ್ತು ಕೊಳವೆಗಳ ಮೇಲೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ತೊಟ್ಟಿಯನ್ನು ಕೊನೆಯದಾಗಿ ಯಾವಾಗ ತೊಳೆಸಿದ್ದಾರೆಂದು ಕೇಳಿ, ದಾಖಲೆ ನೋಡಿ. ಬೇಸಿಗೆಯಲ್ಲಿ ಛಾವಣಿಯ ತೊಟ್ಟಿ ಕಾದು ತಣ್ಣೀರಿನ ನಲ್ಲಿಯಲ್ಲೇ ಮೈ ಸುಡುವಂಥ ನೀರು ಬರುತ್ತದೆ. ಆಗ ಗೀಸರ್ ಆರಿಸಿಡಿ, ಮನೆಯೊಳಗಿನ ತಂಪಿಗೆ ಅದರಲ್ಲಿನ ನೀರು ಹದವಾಗಿರುತ್ತದೆ; ಮಕ್ಕಳಿಗೆ ಸ್ನಾನ ಮಾಡಿಸುವ ಮೊದಲು ಮಾತ್ರ ಕೈಯಿಟ್ಟು ನೋಡಲೇಬೇಕು.

ಸಂಪರ್ಕ ಪಡೆಯುವಾಗ ಫ್ಲಾಟಿಗೆ 2000 ದಿರ್ಹಮ್, ವಿಲ್ಲಾಗೆ 4000 ದಿರ್ಹಮ್ ಠೇವಣಿ ಕಟ್ಟಬೇಕು. ಮನೆ ಬಿಡುವಾಗ ಬಾಕಿ ಕಳೆದು ಅದು ಹಿಂದಿರುಗುತ್ತದೆ. ಮೊದಲ ಬಿಲ್ ಕಂಡು ಗಾಬರಿಯಾಗದಿರಿ, ಏಕೆಂದರೆ ವಾರ್ಷಿಕ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕವೂ ತಿಂಗಳಿಗಿಷ್ಟೆಂದು ಅದರಲ್ಲೇ ಸೇರಿರುತ್ತದೆ. ಬಳಕೆ ಹೆಚ್ಚಿದಂತೆ ನೀರಿನ ದರವೂ ಏರುತ್ತದೆ. ಕಾರಣವಿಲ್ಲದೆ ಬಿಲ್ ಏರಿದರೆ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರ್ ನೋಡಿ. ಅದು ಆಗಲೂ ತಿರುಗುತ್ತಿದ್ದರೆ ಶೌಚಾಲಯದ ಫ್ಲಶ್ ತೊಟ್ಟಿಯನ್ನು ಮೊದಲು ಪರೀಕ್ಷಿಸಿ, ನಂತರ ಮಾಲೀಕರಿಗೆ ಲಿಖಿತವಾಗಿ ತಿಳಿಸಿ.